ಮೂರನೇ ಮಹಡಿಯ ನೆಲ

ಭಾನುವಾರ ಬೆಳಿಗ್ಗೆ ಹನುಮಂತನಗರದ ಆ ಬಾಡಿಗೆ ಮನೆಯ ಬಾಗಿಲಿಗೆ ಪೇಪರು ಬಿದ್ದೊಡನೆ ಅದರ ಪಾಲು ಪಾರೀಕತ್ತು ಆಗಿಬಿಡುತ್ತಿತ್ತು. ಸಾಪ್ತಾಹಿಕ ಪುರವಣಿ ಹೆಂಡತಿಗೆ, ಕ್ರೀಡಾಪುಟ ಪಿಯುಸಿ ಓದುವ ಮಗಳಿಗೆ, ತಿಪಟೂರಿನಿಂದ ಮೇಷ್ಟ್ರು ಬಂದಿದ್ದರೆ ಮುಖಪುಟ ಅವರಿಗೆ. ಮಿಕ್ಕಿದ್ದು ನಿವೇಶನ, ಫ್ಲಾಟುಗಳ ಜಾಹೀರಾತಿನ ಬಣ್ಣದ ಹಾಳೆಗಳು. ಅವು ಗಂಡನ ಪಾಲು. ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಆತ ಅವನ್ನು ಪಂಚಾಂಗ ನೋಡುವವರ ಹಾಗೆ ನೋಡುತ್ತಿದ್ದ. ಚದರಡಿಗೆ ಎಷ್ಟು, ಮೆಟ್ರೊಗೆ ಎಷ್ಟು ದೂರ, ಯಾವ ವರ್ಷ ಬೀಗದ ಕೈ ಕೊಡುತ್ತಾರೆ. ಎಲ್ಲ ನೋಡಿ ಮುಗಿಸಿ, ಹಾಳೆ ಮಡಚಿ, "ಇನ್ನೂ ಸ್ವಲ್ಪ ದಿನ ನೋಡೋಣ, ಇಳಿಯುತ್ತೆ" ಎನ್ನುತ್ತಿದ್ದ.

ಹೀಗೆ ನೋಡುತ್ತಲೇ ಹದಿನೇಳು ವರ್ಷ ಕಳೆದಿತ್ತು.

ಕಾಯುವುದಕ್ಕೆ ಕಾರಣಗಳಿಗೇನೂ ಬರವಿರಲಿಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿದಾಗ ಪೀಣ್ಯದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರದೂ ಒಂದೇ ಮಾತು: ಈಗ ಕೊಳ್ಳಬೇಡಿ, ಇನ್ನೂ ಬೀಳುತ್ತೆ. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದಾಗಲೂ ಅದೇ ಮಾತು. 2020ರಲ್ಲಿ ಕೋವಿಡ್ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಮತ್ತೆ ಅದೇ. ಗೃಹಸಾಲದ ಬಡ್ಡಿ ಶೇ 7ಕ್ಕಿಂತ ಕೆಳಗೆ ಬಂದದ್ದು ಆಗಲೇ. ಆದರೆ ಆಗ ಕಾರ್ಖಾನೆಯಲ್ಲಿ ಮುಂದಿನ ತಿಂಗಳ ಸಂಬಳ ಪೂರ್ತಿ ಬರುತ್ತದೆಂಬ ಭರವಸೆಯೇ ಇರಲಿಲ್ಲ. ಸಂಬಳ ಹಳಿಗೆ ಬರುವಷ್ಟರಲ್ಲಿ ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ ರೆಪೊ ದರವನ್ನು ಏರಿಸತೊಡಗಿ, ಶೇ 4 ಇದ್ದದ್ದನ್ನು 2023ರ ಫೆಬ್ರುವರಿಗೆ ಶೇ 6.5ಕ್ಕೆ ತಂದು ನಿಲ್ಲಿಸಿತ್ತು. ಬೆಲೆ ಇಳಿದು, ಬಡ್ಡಿ ಇಳಿದು, ಕೈಯಲ್ಲಿ ಹಣವೂ ಇರುವ ಮುಹೂರ್ತ ಯಾವ ವರ್ಷವೂ ಕೂಡಿ ಬರಲಿಲ್ಲ.

2025ರ ಯುಗಾದಿ ಕಳೆದ ವಾರ ಮನೆಯ ಓನರು ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ಕೆಳಗಿಳಿದು ಬಂದರು. ಅಷ್ಟು ವರ್ಷದಲ್ಲಿ ಅವರು ಒಬ್ಬಟ್ಟು ತಂದುಕೊಟ್ಟದ್ದು ಅದೇ ಮೊದಲು. ಮಗ ಹೊರದೇಶದ ಕೆಲಸ ಬಿಟ್ಟು ಬರುತ್ತಿದ್ದಾನೆ, ದೀಪಾವಳಿಯ ಹೊತ್ತಿಗೆ ಮನೆ ಬಿಟ್ಟುಕೊಡಬೇಕು, ತಪ್ಪು ತಿಳಿಯಬಾರದು ಎಂದರು. ತಪ್ಪು ತಿಳಿಯುವಂಥದ್ದೇನೂ ಇರಲಿಲ್ಲ. ಮನೆ ಅವರದು. ಆದರೆ ಇದು ನಾಲ್ಕನೇ ಬಾಡಿಗೆ ಮನೆ. ರಾತ್ರಿ ಊಟವಾದ ಮೇಲೆ ಹೆಂಡತಿ ಸ್ಟೀಲು ಪಾತ್ರೆಗಳನ್ನು ಕವುಚಿ ಇಡುತ್ತಾ, "ಇನ್ನೊಂದು ಸಲ ಸಾಮಾನು ಕಟ್ಟೋದಾದ್ರೆ ಅದು ಕೊನೇ ಸಲ ಆಗ್ಲಿ ರೀ" ಎಂದಳು. ಬಸವನಗುಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಆಕೆ ಮಾತು ಕಡಿಮೆ ಆಡುವವಳು. ಆಡಿದರೆ ಅದು ಲೆಕ್ಕದ ಕೊನೆಯ ಸಾಲಿನಂತಿರುತ್ತಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಫ್ಲಾಟು ಕೊಂಡು ನೋಡು ಎನ್ನಲಿಲ್ಲ. ಅವರ ಕಾಲದಲ್ಲಿ ಅದಿರಲಿಲ್ಲ. ಮೇಷ್ಟ್ರ ತಲೆಮಾರಿಗೆ ಬೆಂಗಳೂರಿನಲ್ಲಿ ಮನೆ ಎಂದರೆ ಸೈಟು. 1945ರಲ್ಲಿ ಶುರುವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಎಚ್‌ಎಂಟಿ, ಬಿಇಎಲ್ ನೌಕರರ ಬಡಾವಣೆಗಳು. ಮೂವತ್ತು ನಲವತ್ತರ ಸೈಟು ಸಿಕ್ಕಿದವನು ಗೆದ್ದವನು. ಮೊದಲು ಒಂದು ಶೀಟಿನ ಮನೆ, ಆಮೇಲೆ ಆರ್‌ಸಿಸಿ, ಮಗನ ಮದುವೆಗೆ ಮೇಲೊಂದು ಮಹಡಿ. ಹಿತ್ತಲಲ್ಲಿ ತೆಂಗು, ಕರಿಬೇವು. ಇಂಥ ಲೆಕ್ಕದಲ್ಲೇ ಬಾಳಿದ ಮೇಷ್ಟ್ರು ಫೋನಿನಲ್ಲಿ ಫ್ಲಾಟು ಎಂಬ ಮಾತು ಕೇಳಿದೊಡನೆ ಕೇಳಿದ ಪ್ರಶ್ನೆ ಒಂದೇ. "ಅದೆಲ್ಲ ಸರಿ ಕಣಪ್ಪ, ನೆಲ ಯಾವುದು?"

ಆತ ಬ್ಯಾಂಕಿನವರು ಹೇಳಿದ್ದನ್ನೇ ಹೇಳಿದ. ಫ್ಲಾಟು ಕೊಂಡವರಿಗೆ ಕಟ್ಟಡ ನಿಂತ ಜಾಗದಲ್ಲಿ ಒಂದು ಪಾಲು ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ 1972ರಷ್ಟು ಹಿಂದೆಯೇ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಆಗಿದೆ. ಗೋಡೆಯೊಳಗಿನ ಮನೆ ಅವರವರದು. ನೆಲ, ಮೆಟ್ಟಿಲು, ತಾರಸಿ, ಸಂಪು ಎಲ್ಲರದು. ನೆಲದ ಪಾಲನ್ನು ಯಾರೂ ಬೇರ್ಪಡಿಸಿ ಬೇಲಿ ಹಾಕಿಕೊಳ್ಳುವಂತಿಲ್ಲ.

"ಅಂದ್ರೆ ಪಾಲಾಗದ ಅವಿಭಕ್ತ ಕುಟುಂಬದ ಆಸ್ತಿ ಇದ್ದ ಹಾಗೆ ಅನ್ನು" ಎಂದರು ಮೇಷ್ಟ್ರು. "ಅದನ್ನ ಬಿಟ್ಟು ಬರೋಕೆ ನಾನು ಇಪ್ಪತ್ತು ವರ್ಷ ಕೋರ್ಟು ಅಲೆದಿದ್ದೀನಿ."

ಏಪ್ರಿಲಿನಿಂದ ಪ್ರತಿ ಭಾನುವಾರ ಮನೆ ನೋಡುವ ಕೆಲಸ. ಹೆಣ್ಣು ನೋಡುವುದಕ್ಕಿಂತ ಹೆಚ್ಚು ಶಾಸ್ತ್ರ ಇದಕ್ಕಿತ್ತು. ಕಂಪೆನಿಯವರೇ ಕಾರು ಕಳಿಸುತ್ತಿದ್ದರು. ಹೋದೊಡನೆ ಜ್ಯೂಸು, ಕುರ್ಚಿ, ಗಾಜಿನ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಕಟ್ಟಡಗಳು, ಅವುಗಳ ಸುತ್ತ ಹಸಿರು ಸ್ಪಂಜಿನ ಮರಗಳು. ಆಮೇಲೆ ಮಾದರಿ ಮನೆ. ಅದರೊಳಗೆ ಕಾಲಿಟ್ಟರೆ ಯಾರಿಗಾದರೂ ತಮ್ಮ ಮನೆಯ ಮೇಲೆ ಜಿಗುಪ್ಸೆ ಹುಟ್ಟಬೇಕು. ಹೆಂಡತಿ ಮಾತ್ರ ಬ್ಯಾಗಿನಿಂದ ಅಳತೆ ಟೇಪು ತೆಗೆದಳು. ಮಂಚದ ಉದ್ದ ಐದೂವರೆ ಅಡಿ. ಅಲ್ಲಿ ಮಲಗಬೇಕಾದ ಗಂಡನ ಉದ್ದ ಐದು ಅಡಿ ಒಂಬತ್ತು ಅಂಗುಲ. ಕೋಣೆಗಳಿಗೆ ಬಾಗಿಲೇ ಇಟ್ಟಿರಲಿಲ್ಲ; ಬಾಗಿಲು ತೆರೆಯಲು ಬೇಕಾಗುವ ಜಾಗವೂ ಅಲ್ಲಿಗೆ ಉಳಿದಂತಾಗಿತ್ತು.

ಕರಪತ್ರದಲ್ಲಿದ್ದದ್ದು 1,650 ಚದರಡಿ. ಟೇಪು ಹಿಡಿದು ಕೂಡಿದಾಗ ಬಂದದ್ದು 1,130. ಮಿಕ್ಕಿದ್ದೆಲ್ಲಿ ಎಂದರೆ, ಲಿಫ್ಟಿನ ಜಾಗ, ಮೆಟ್ಟಿಲು, ಮೊಗಸಾಲೆ, ಕ್ಲಬ್ಬಿನ ಪಾಲು ಎಂದು ಆ ಹುಡುಗ ನಗುತ್ತಲೇ ವಿವರಿಸಿದ. ಸುಳ್ಳೇನಲ್ಲ. ಆದರೆ ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು 2016ರಲ್ಲಿ ಬಂದ ಕಾಯ್ದೆ, ಎಲ್ಲರೂ ರೇರಾ ಎನ್ನುವುದು, ಹೇಳುವುದು ಬೇರೆ. ಮನೆಯೊಳಗೆ ನಿಜವಾಗಿ ಬಳಕೆಗೆ ಸಿಗುವ ಕಾರ್ಪೆಟ್ ಏರಿಯಾವನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಹೆಂಡತಿ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡಳು. ಬೆಲೆಯನ್ನು ಕರಪತ್ರದ ಚದರಡಿಯಿಂದಲ್ಲ, ಟೇಪಿನ ಚದರಡಿಯಿಂದ ಭಾಗಿಸಿ ನೋಡಿದಳು. ಅಗ್ಗ ಎಂದುಕೊಂಡಿದ್ದ ಎರಡು ಮನೆ ದುಬಾರಿಯಾದವು. ದುಬಾರಿ ಎಂದು ಬಿಟ್ಟುಬಂದಿದ್ದ ಒಂದು ಹಳೆಯ ಮನೆ ಅಗ್ಗವಾಯಿತು.

ಆ ನೋಟುಬುಕ್ಕಿಗೆ ಮುಂದೆ ಬೇರೆ ಬೇರೆ ಅಂಕಣಗಳು ಸೇರಿದವು. ನೀರಿನದು ಒಂದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಲಕ್ಷಗಟ್ಟಲೆ ಕೊಟ್ಟು ಮನೆ ಕೊಂಡವರು ಕೊಡ ಹಿಡಿದು ಟ್ಯಾಂಕರಿಗೆ ಕಾದದ್ದನ್ನು ಊರು ಇನ್ನೂ ಮರೆತಿರಲಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಶುರುವಾಯಿತು. ಆದರೆ ರಸ್ತೆಗೆ ಕೊಳವೆ ಬಂದರೆ ಸಂಪಿಗೆ ನೀರು ಬಂದಂತಲ್ಲ. ಆಕೆ ಈ ಪ್ರಶ್ನೆಯನ್ನು ಕಚೇರಿಯಲ್ಲಿ ಕೂತ ಹುಡುಗನಿಗೆ ಕೇಳುತ್ತಿರಲಿಲ್ಲ. ಗೇಟಿನ ಬಳಿ ನಿಂತು ವಾಚ್‌ಮನ್‌ಗೆ ಕೇಳುತ್ತಿದ್ದಳು. "ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಪ್ಪಾ?" ಆತ ಬೆರಳು ಎಣಿಸಿ ನಿಜ ಹೇಳುತ್ತಿದ್ದ. ಅವನಿಗೆ ಮಾರುವುದೇನೂ ಇರಲಿಲ್ಲ.

ಮಳೆಯದು ಇನ್ನೊಂದು ಅಂಕಣ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕೆರೆಗಳು ಕೋಡಿ ಬಿದ್ದು, ದೊಡ್ಡ ದೊಡ್ಡ ಬಂಗಲೆಗಳಲ್ಲಿದ್ದವರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದ ಚಿತ್ರಗಳು ಎಲ್ಲರ ಕಣ್ಣಲ್ಲೂ ಇದ್ದವು. ನೀರಿಗೆ ತನ್ನ ಹಳೆಯ ದಾರಿ ಮರೆಯುವುದಿಲ್ಲ. ರಾಜಕಾಲುವೆಯ ಮೇಲೆ ಕಾಂಪೌಂಡು ಎದ್ದರೂ ಅದು ಬಂದೇ ಬರುತ್ತದೆ. ಹೀಗಾಗಿ ಮೇ ತಿಂಗಳಲ್ಲಿ ಜೋರು ಮಳೆ ಬಂದ ಮರುದಿನವೇ ಮನೆ ನೋಡಲು ಹೊರಡುವುದು ಆಕೆಯ ಪದ್ಧತಿಯಾಯಿತು. ಬಿಸಿಲಿನಲ್ಲಿ ಮೆಚ್ಚಿದ ಒಂದು ಮನೆಯ ನೆಲಮಾಳಿಗೆಯಲ್ಲಿ ಮಳೆಯ ಮರುದಿನ ಪಂಪು ಗುಡುಗುಡು ಓಡುತ್ತಿತ್ತು.

ಉತ್ತರಹಳ್ಳಿಯ ಕಡೆ ಒಂದು ಮನೆ ಮೂವರಿಗೂ ಹಿಡಿಸಿತು. ಐದನೇ ಮಹಡಿ, ಗಾಳಿ, ಬೆಳಕು, ಮಗಳಿಗೆ ಒಂದು ಕೋಣೆ. ಮುಂಗಡಕ್ಕೆ ಚೆಕ್ಕು ಬರೆಯುವುದೊಂದೇ ಬಾಕಿ. ಹೆಂಡತಿ ಮಂಜೂರಾದ ನಕ್ಷೆ ಕೇಳಿದಳು. ಎರಡು ವಾರ ಸತಾಯಿಸಿ ಕೊಟ್ಟ ಆ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಮಹಡಿಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮಗಳನ್ನು ಕರೆದು ಎಣಿಸಲು ಹೇಳಿದಳು. ನಕ್ಷೆಯಲ್ಲಿದ್ದದ್ದು ನಾಲ್ಕೇ ಮಹಡಿ. ಅವರು ಮೆಚ್ಚಿದ ಮನೆ, ಗಾಳಿ, ಬೆಳಕು, ಕಿಟಕಿ ಎಲ್ಲ ಇದ್ದೂ, ಕಾಗದದ ಮೇಲೆ ಇರಲೇ ಇಲ್ಲ. ಅಂಥ ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ, ಒಸಿ ಎನ್ನುವುದು, ಸಿಗುವುದಾದರೂ ಹೇಗೆ? 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಪ್ರಮಾಣಪತ್ರ ನೋಡದೆ ಕಟ್ಟಡಕ್ಕೆ ನೀರು, ವಿದ್ಯುತ್ತು ಕೊಡಕೂಡದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತ್ತು. ಗಂಡ ಬರೆದಿದ್ದ ಚೆಕ್ಕನ್ನು ಹರಿದ. ಮಗಳು ಎರಡು ದಿನ ಮಾತಾಡಲಿಲ್ಲ.

ಅಷ್ಟರಲ್ಲಿ ಜೂನ್ ಬಂತು. ಗಂಡನಿಗೆ ಸಹನೆ ಮುಗಿಯುತ್ತಾ ಬಂದಿತ್ತು. ಅಂಥ ಹೊತ್ತಿನಲ್ಲೇ ಸರ್ಜಾಪುರ ರಸ್ತೆಯಾಚೆಯ ಒಂದು ಯೋಜನೆಯವರ ಫೋನು. ಹದಿನಾಲ್ಕನೇ ಮಹಡಿ, ಮೂರು ಮಲಗುವ ಕೋಣೆ, ಈಜುಕೊಳ. ಇನ್ನೂ ಶುರುವಾಗದ ಯೋಜನೆ, ಆದ್ದರಿಂದಲೇ ಈ ದರ. ಮುಂದಿನ ಭಾನುವಾರ ಕಳೆದರೆ ಚದರಡಿಗೆ ಐನೂರು ಹೆಚ್ಚು. ಒಟ್ಟು 1 ಕೋಟಿ 35 ಲಕ್ಷ. ಕಟ್ಟುತ್ತಿರುವ ಮನೆಯಾದ್ದರಿಂದ ಮೇಲೆ ಶೇ 5ರ ಜಿಎಸ್‌ಟಿ, 6 ಲಕ್ಷ 75 ಸಾವಿರ. ಈಗ ಹತ್ತು ಲಕ್ಷ ಕೊಟ್ಟು ಹೆಸರು ಬರೆಸಿದರೆ ಸಾಕು. ಹದಿನೇಳು ವರ್ಷ ಕಾದು ಎಲ್ಲ ತಪ್ಪಿಸಿಕೊಂಡೆ, ಇದನ್ನೂ ತಪ್ಪಿಸಿಕೊಳ್ಳಲೇ ಎಂಬುದು ಆತನ ಸಂಕಟ. ಕಾದು ಕಾದು ದಣಿದವನು ಕೊನೆಗೆ ಕೊಳ್ಳುವುದು ಮನೆಯನ್ನಲ್ಲ, ಕಾಯುವುದರಿಂದ ಬಿಡುಗಡೆಯನ್ನು.

ಹಣ? ಅದಕ್ಕೂ ದಾರಿ ತೆರೆಯಿತು. ಫೋನಿನಲ್ಲಿ ಸುದ್ದಿ ಕೇಳಿದ ಮೇಷ್ಟ್ರು ಶುಕ್ರವಾರದ ರೈಲಿಗೆ ಬಂದಿಳಿದರು. ಒಂದು ಕೈಯಲ್ಲಿ ತೆಂಗಿನಕಾಯಿ ಚೀಲ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ತೋಟದ ಪಹಣಿ. ಒಂದೂವರೆ ಎಕರೆ, ಅರವತ್ತು ಚಿಲ್ಲರೆ ಮರ. ಹೆಂಡತಿ ತೀರಿಕೊಂಡ ಮೇಲೆ ಅವರಿದ್ದದ್ದು ಆ ತೋಟದ ಮನೆಯಲ್ಲೇ. "ನಲವತ್ತು ಲಕ್ಷಕ್ಕೆ ಕೇಳ್ತಿದ್ದಾರೆ ಕಣೋ. ನನ್ನ ನಂತರ ಹೇಗಿದ್ರೂ ನಿಂದೇ. ಈಗಲೇ ತಗೋ" ಎಂದು ಕವರನ್ನು ಮೇಜಿನ ಮೇಲಿಟ್ಟರು. ಗಂಡ ಅದನ್ನು ಮುಟ್ಟಲಿಲ್ಲ. ಬೇಡ ಎನ್ನಲೂ ಇಲ್ಲ.

ಆ ರಾತ್ರಿ ಹೆಂಡತಿ ಎರಡು ಕೆಲಸ ಮಾಡಿದಳು. ಮೊದಲನೆಯದು, ಲೆಕ್ಕ. ತೋಟದ ನಲವತ್ತು ಲಕ್ಷ, ತಮ್ಮ ಉಳಿತಾಯದ ಬಹುಪಾಲು ಹಾಕಿದರೂ 85 ಲಕ್ಷ ಸಾಲ ಬೇಕು. ಶೇ 8.5 ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 73,800 ರೂಪಾಯಿ. ಇಬ್ಬರ ಸಂಬಳ ಕೂಡಿಸಿದರೂ ಅರ್ಧಕ್ಕಿಂತ ಹೆಚ್ಚು. ಮನೆ ಮುಗಿಯಲು ನಾಲ್ಕು ವರ್ಷ. ಅಲ್ಲಿಯವರೆಗೆ ಬಿಡುಗಡೆಯಾದ ಸಾಲಕ್ಕೆ ಬಡ್ಡಿಯೂ ಹೌದು, ಎಲ್ಲೋ ಇರುವ ಮನೆಗೆ ಬಾಡಿಗೆಯೂ ಹೌದು. ಕಾರ್ಖಾನೆಯಲ್ಲಿ ಗಂಡನ ಜೊತೆಗೇ ಕೂರುವವರೊಬ್ಬರ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ರೇರಾ ಬರುವ ಮುಂಚೆ, 2014ರಲ್ಲಿ, ಹಣ ಕಟ್ಟಿದವರು. ಅವರ ಮನೆ ಇವತ್ತಿಗೂ ಬರೀ ಕಂಬಗಳು. ಕಂತೂ ನಿಂತಿಲ್ಲ, ಬಾಡಿಗೆಯೂ ನಿಂತಿಲ್ಲ.

ಎರಡನೆಯದು, ಆ ಯೋಜನೆಯ ಹೆಸರನ್ನು ರಾಜ್ಯ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿದಳು. ಇರಲಿಲ್ಲ. ಕಾಯ್ದೆಯ ಪ್ರಕಾರ ನೋಂದಣಿ ಆಗದೆ ಅಂಥ ಯೋಜನೆಯ ಜಾಹೀರಾತನ್ನೇ ಕೊಡುವಂತಿಲ್ಲ, ಮಾರುವ ಮಾತಂತೂ ದೂರ. ನೋಂದಾಯಿತ ಕರಾರುಪತ್ರ ಮಾಡಿಕೊಳ್ಳದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಮೀನಿಗೆ, ಕಟ್ಟಡಕ್ಕೆ ಮಾತ್ರ ಬಳಸಬೇಕು. ನೋಂದಣಿಯೇ ಇಲ್ಲದಿದ್ದರೆ ಇದ್ಯಾವುದರ ಕಾವಲೂ ಇಲ್ಲ. ಬೆಳಿಗ್ಗೆ ಫೋನು ಮಾಡಿ ಕೇಳಿದರೆ, "ನಂಬರ್ ಬರುತ್ತೆ ಮೇಡಂ, ಇನ್ನೊಂದು ತಿಂಗಳು. ಅಷ್ಟರಲ್ಲಿ ರೇಟ್ ಹೋಗಿರುತ್ತೆ" ಎಂಬ ಉತ್ತರ.

ಶನಿವಾರ ಮಧ್ಯಾಹ್ನ ನೋಟುಬುಕ್ಕು ಮೇಜಿನ ಮೇಲೆ ಬಂತು, ಪಹಣಿಯ ಪಕ್ಕ. ಗಂಡ ಅದನ್ನು ಓದಿದ. ಆಮೇಲೆ ಸ್ವಲ್ಪ ಗಡುಸಾಗಿಯೇ ಕೇಳಿದ: "ಹಾಗಾದ್ರೆ ಯಾವಾಗ ತಗೊಳ್ಳೋದು? ಎಲ್ಲದಕ್ಕೂ ಒಂದು ತಪ್ಪು ಇದ್ದೇ ಇರುತ್ತೆ."

ಉತ್ತರ ಕೊಟ್ಟವರು ಮೇಷ್ಟ್ರು. ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತಿಪಟೂರಿನ ಕಡೆ ಉಂಡೆ ಕೊಬ್ಬರಿ ಆಗುವುದು ಹಾಗೆಯೇ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಕರಟ ಬಿಟ್ಟು ಉಂಡೆಯಾಗುತ್ತದೆ. "ಮಾರ್ಕೆಟ್ಟಲ್ಲಿ ರೇಟು ಬಂತು ಅಂತ ಅವಸರಕ್ಕೆ ಒಡೆದ್ರೆ ಒಳಗೆ ಹಸಿ ಇರುತ್ತೆ ಕಣೋ. ಹಸಿ ಗಿಟುಕು ಯಾರು ತಗೋತಾರೆ? ರೇಟು ಬಿದ್ದಿದೆ ಅಂತ ಅಟ್ಟದಲ್ಲೇ ಬಿಟ್ರೆ ಹುಳ ಬೀಳುತ್ತೆ. ಕಾಯಿ ಎತ್ತಿ ಅಲ್ಲಾಡಿಸ್ಬೇಕು, ಒಳಗೆ ಗಡಗಡ ಅಂದ್ರೆ ಇಳಿಸ್ಬೇಕು. ರೇಟು ಮಾರ್ಕೆಟ್ಟಿಂದು, ಹದ ನಮ್ದು. ನೀನು ಇಷ್ಟು ವರ್ಷ ರೇಟು ನೋಡ್ದೆ. ಹದ ನೋಡ್ಲಿಲ್ಲ."

"ಹಾಗಾದ್ರೆ ನೀವ್ಯಾಕೆ ಪಹಣಿ ತಂದ್ರಿ ಮಾವ?" ಎಂದಳು ಹೆಂಡತಿ.

ಮೇಷ್ಟ್ರು ನಗಲಿಲ್ಲ. ಮಗನಿಗೆ ಏನೂ ಮಾಡಿಕೊಡಲಿಲ್ಲವೆಂಬುದು ಎಷ್ಟೋ ವರ್ಷದ ಕೊರಗು. ಬೇಡ ಎಂದರೆ ಅದೂ ಒಂದು ಬಗೆಯ ಅವಮಾನ. ಆಕೆ ಪಹಣಿಯನ್ನು ಮತ್ತೆ ಕವರಿನೊಳಗೆ ಸೇರಿಸಿ ಅವರ ಕೈಗಿತ್ತಳು. "ತೋಟ ಹೋದ್ರೆ ನೀವು ಇಲ್ಲಿಗೆ ಬಂದು ಇರ್ಲೇಬೇಕಾಗುತ್ತೆ ಮಾವ. ಈಗ ಬರ್ತೀರಿ, ನಾಲ್ಕು ದಿನ ಇರ್ತೀರಿ, ಬೇಜಾರಾದ್ರೆ ಹೋಗ್ತೀರಿ. ಹೋಗೋಕೆ ಒಂದು ಜಾಗ ಇರ್ಲಿ. ಮರ ಮಾರೋದು ಬೇಡ. ಕಾಯಿ ಮಾರಿದ್ರೆ ಕೊಡಿ, ಬೇಡ ಅನ್ನಲ್ಲ."

ಸರ್ಜಾಪುರದ ಭಾನುವಾರ ಹಾಗೇ ಕಳೆದುಹೋಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹದ ಎಂದರೆ ಏನೆಂದು ಗಂಡ ಹೆಂಡತಿ ಕೂತು ಬರೆದದ್ದು ಒಂದೇ ಪುಟ. ಆರು ತಿಂಗಳ ಕಂತು ಕಟ್ಟುವಷ್ಟು ಹಣ ಮುಟ್ಟದೆ ಪಕ್ಕಕ್ಕಿಡಬೇಕು. ಕಂತು ಇಬ್ಬರ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ಹತ್ತು ವರ್ಷವಾದರೂ ಕದಲದೆ ಇರುವ ಊರು, ಕೆಲಸ ಇರಬೇಕು. ಮಗಳ ಓದಿನ ಹಣಕ್ಕೆ ಕೈಹಾಕಬಾರದು. ಈ ನಾಲ್ಕೂ ಆಗಲೇ ಇದ್ದವು. ಕಾದದ್ದು ಯಾವುದಕ್ಕೆ ಎಂದು ಗಂಡ ತನ್ನಷ್ಟಕ್ಕೇ ಕೇಳಿಕೊಂಡ.

ಎಲ್ಲಿ ಎಂಬುದನ್ನು ಹೇಳಿದ್ದು ಮೆಟ್ರೊದ ಹಸಿರು ಮಾರ್ಗದ ನಕ್ಷೆ. ಆತನ ಕೆಲಸ ಪೀಣ್ಯ, ಆಕೆಯ ಶಾಲೆಗೆ ಹತ್ತಿರದ ನಿಲ್ದಾಣ ನ್ಯಾಷನಲ್ ಕಾಲೇಜು. ಎರಡೂ ಒಂದೇ ದಾರಿ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದ ಆ ಮಾರ್ಗದಲ್ಲಿ ಕೋಣನಕುಂಟೆ ಕ್ರಾಸ್ ಒಂದು ನಿಲ್ದಾಣ. ಅಲ್ಲಿಂದ ಹತ್ತು ನಿಮಿಷ ನಡೆದರೆ, ಏಪ್ರಿಲಿನಲ್ಲಿ ದುಬಾರಿ ಎಂದು ಬಿಟ್ಟುಬಂದಿದ್ದ ಆ ಹಳೆಯ ಮನೆ. ಹನ್ನೆರಡು ವರ್ಷದ ಕಟ್ಟಡ, ಇಪ್ಪತ್ತನಾಲ್ಕು ಮನೆ, ಮೂರನೇ ಮಹಡಿ, ಎರಡು ಕೋಣೆ. 72 ಲಕ್ಷ. ಈಜುಕೊಳ ಇಲ್ಲ. ಒಸಿ ಇದೆ, ಎ ಖಾತಾ ಇದೆ, ಕಾವೇರಿ ನೀರು ಇದೆ. ಮಾರುತ್ತಿದ್ದವರು ಮೈಸೂರಿನ ಮಗಳ ಮನೆಗೆ ಹೊರಟಿದ್ದ ವಯಸ್ಸಾದ ದಂಪತಿ. ಆ ಅಜ್ಜಿ ಅಡಿಗೆಮನೆಯ ಯಾವ ನಲ್ಲಿ ಸೋರುತ್ತದೆ, ಮಧ್ಯಾಹ್ನ ಯಾವ ಕಿಟಕಿಗೆ ಪರದೆ ಬೇಕು ಎಂಬುದನ್ನೆಲ್ಲ ಕೇಳದೆಯೇ ಹೇಳಿದರು. ಮಾದರಿ ಮನೆಗಳಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.

ಕಾಗದಪತ್ರಗಳನ್ನು ಒಬ್ಬ ವಕೀಲರಿಗೆ ಕೊಟ್ಟರು. ಬ್ಯಾಂಕು ಹೇಗೂ ನೋಡುತ್ತದಲ್ಲ ಎಂದರು ಕೆಲವರು. ಬ್ಯಾಂಕು ನೋಡುವುದು ತನ್ನ ಸಾಲದ ಭದ್ರತೆಗೆ, ಮನೆಯವರ ನೆಮ್ಮದಿಗಲ್ಲ. ವಕೀಲರು ಮೂಲ ಕ್ರಯಪತ್ರದಿಂದ ಹಿಡಿದು ಮೂವತ್ತು ವರ್ಷದ ಋಣಭಾರ ಪತ್ರ, ಭೂ ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಸಂಘಕ್ಕೆ ಬಾಕಿಯಿಲ್ಲವೆಂಬ ಪತ್ರ, ಒಂದೊಂದನ್ನೂ ಓದಿದರು. ಮಾರುವವರು ಎಂದೋ ತೀರಿಸಿದ್ದ ಸಾಲದ ನಮೂದು ಋಣಭಾರ ಪತ್ರದಲ್ಲಿ ಹಾಗೇ ಉಳಿದಿತ್ತು. ಅದನ್ನು ತೆಗೆಸಲು ಆಗಸ್ಟ್ ಪೂರ್ತಿ ಹಿಡಿಯಿತು. ಅಷ್ಟರಲ್ಲಿ ಆಗಸ್ಟ್ 31ರಿಂದ ರಾಜ್ಯ ಸರಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಕೂಡಿ ಶೇ 6.6 ಇದ್ದದ್ದು 7.6 ಆಯಿತು. 72 ಸಾವಿರ ಹೆಚ್ಚು.

ಗಂಡ ಹಣೆ ಚಚ್ಚಿಕೊಂಡ. ಹೆಂಡತಿ, "ಕಾಗದ ಓದಿಸಿದ್ದಕ್ಕೆ ಫೀಸು ಅಂದ್ಕೊಳ್ಳಿ" ಎಂದಳು.

ಲೆಕ್ಕ ಕೊನೆಗೆ ಹೀಗೆ ಕೂಡಿತು. ಮನೆಗೆ 72 ಲಕ್ಷ, ನೋಂದಣಿಗೆ 5 ಲಕ್ಷ 47 ಸಾವಿರ. ವಾಸಕ್ಕೆ ಸಿದ್ಧವಾಗಿ ಪ್ರಮಾಣಪತ್ರ ಪಡೆದ ಹಳೆಯ ಮನೆಯಾದ್ದರಿಂದ ಜಿಎಸ್‌ಟಿ ಇಲ್ಲ. ಸಾಲ 50 ಲಕ್ಷ, ತಿಂಗಳಿಗೆ 43,391. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೇ 35,417 ಹೋಗಿ, ಅಸಲಿಗೆ ಸೇರುವುದು 7,974. ಅದೇ ದರ ಇದ್ದರೆ ಇಪ್ಪತ್ತು ವರ್ಷದಲ್ಲಿ ಕಟ್ಟುವುದು 1 ಕೋಟಿ 4 ಲಕ್ಷ. ಈ ಸಾಲನ್ನು ಹೆಂಡತಿ ಕೆಂಪು ಶಾಯಿಯಲ್ಲಿ ಬರೆದಳು. ವರ್ಷಕ್ಕೊಮ್ಮೆ ಬರುವ ಬೋನಸ್ಸು ಇನ್ನು ಮುಂದೆ ಸೀರೆಗಲ್ಲ, ಅಸಲಿಗೆ ಎಂದು ಕೆಳಗೆ ಒಂದು ಟಿಪ್ಪಣಿ. ಕೈಯಿಂದ ಬೇಕಾದ 27 ಲಕ್ಷ 47 ಸಾವಿರಕ್ಕೆ ಬ್ಯಾಂಕಿನ ಠೇವಣಿ 13 ಲಕ್ಷ, ಪಿಎಫ್‌ನಿಂದ ಮನೆಗೆಂದು ತೆಗೆದ 7 ಲಕ್ಷ, ಚೀಟಿಯ 4 ಲಕ್ಷ, ಬಾಡಿಗೆ ಮನೆಯ ಅಡ್ವಾನ್ಸು ವಾಪಸು 2 ಲಕ್ಷ. ಪಕ್ಕಕ್ಕಿಟ್ಟ ಆರು ತಿಂಗಳ ಕಂತನ್ನು ಮುಟ್ಟುವಂತಿಲ್ಲ. ಒಂದೂವರೆ ಲಕ್ಷ ಕಡಿಮೆ ಬಿತ್ತು.

2025ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಮೇಷ್ಟ್ರ ಅಟ್ಟದಲ್ಲಿ ಗಡಗಡ ಎನ್ನುವ ಕಾಯಿಗಳಿದ್ದವು. ರೇಟೂ ಹದವೂ ಕೂಡಿ ಬರುವುದು ಅಪರೂಪಕ್ಕೊಮ್ಮೆ. ಆ ವರ್ಷ ಬಂತು. ನವರಾತ್ರಿಯಲ್ಲಿ ನೋಂದಣಿಯ ದಿನ ಮೇಷ್ಟ್ರು ಗರಿಗರಿ ಪಂಚೆ ಉಟ್ಟು, ಒಂದೂವರೆ ಲಕ್ಷದ ಚೆಕ್ಕು ಜೇಬಿನಲ್ಲಿಟ್ಟುಕೊಂಡು ಬಂದರು. ಅದನ್ನು ಕೊಡುವಾಗ ಏನೂ ಹೇಳಲಿಲ್ಲ. ಕ್ರಯಪತ್ರದ ಅನುಸೂಚಿಯನ್ನು ಮಾತ್ರ ಕನ್ನಡಕ ಏರಿಸಿ ಎರಡು ಸಲ ಓದಿದರು. ನೆಲದಲ್ಲಿ ಅವಿಭಾಜ್ಯ ಪಾಲು, 480 ಚದರಡಿ. "ಮೂವತ್ತು ನಲವತ್ತರಲ್ಲಿ ಅರ್ಧವೂ ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿ, ಇದೆಯಲ್ಲ" ಎಂದರು.

ದೀಪಾವಳಿಗೆ ಮುಂಚೆ ಹಾಲು ಉಕ್ಕಿಸಿದ್ದಾಯಿತು. ಸುಣ್ಣಬಣ್ಣಕ್ಕೆ ಹಣ ಉಳಿದಿರಲಿಲ್ಲ. ಹಳೆಯ ಅಜ್ಜಿ ಹಚ್ಚಿಸಿದ್ದ ತಿಳಿಹಸಿರೇ ಗೋಡೆಗಳಲ್ಲಿ ಉಳಿಯಿತು. ಫ್ಲಾಟಿನ ಜಾಹೀರಾತಿನ ಬಣ್ಣದ ಹಾಳೆಗಳು ಅಡಿಗೆಮನೆಯ ಗೂಡುಗಳಲ್ಲಿ ಡಬ್ಬಿಗಳ ಕೆಳಗೆ ಹಾಸಿಗೆಯಾದವು.

ಮರುದಿನ ಬೆಳಿಗ್ಗೆ ಮೇಷ್ಟ್ರು ಊರಿಂದ ತಂದಿದ್ದ ತೆಂಗಿನ ಸಸಿ ಹಿಡಿದು ಕೆಳಗಿಳಿದರು. ತಮ್ಮ 480 ಚದರಡಿಯನ್ನು ಹುಡುಕುವವರಂತೆ ಕಾಂಪೌಂಡಿನೊಳಗೆ ಎರಡು ಸುತ್ತು ಹಾಕಿ, ಸಂಪಿನ ಪಕ್ಕ ಒಂದಿಷ್ಟು ಮಣ್ಣು ಕಂಡು ಗುಣಿ ತೋಡಲು ಕೂತರು. ಸಂಘದ ಕಾರ್ಯದರ್ಶಿ ಓಡಿ ಬಂದರು. ತೆಂಗು ಬೇಡ ಸಾರ್, ಬೇರು ಸಂಪಿಗೆ ನುಗ್ಗುತ್ತೆ, ಕಾಯಿ ಕಾರಿನ ಮೇಲೆ ಬೀಳುತ್ತೆ. ಏನು ನೆಡುವುದಿದ್ದರೂ ಸಭೆಯಲ್ಲಿ ಎಲ್ಲರೂ ಒಪ್ಪಬೇಕು. "ನಮ್ಮ ಪಾಲಲ್ಲಿ ನೆಡ್ತೀನಪ್ಪಾ" ಎಂದರು ಮೇಷ್ಟ್ರು. "ನಿಮ್ಮ ಪಾಲು ಇದೆ ಸಾರ್. ಆದ್ರೆ ಎಲ್ಲಿದೆ ಅಂತ ತೋರಿಸೋಕಾಗಲ್ಲ. ನಂದೂ ಹಾಗೇ" ಎಂದರು ಅವರು.

ಮೇಷ್ಟ್ರು ಮುಂದಿನ ಭಾನುವಾರದ ಸಭೆಯವರೆಗೂ ಊರಿಗೆ ಹೋಗದೆ ಉಳಿದರು. ಲಿಫ್ಟಿನ ರಿಪೇರಿ, ಚದರಡಿಗೆ ಮೂರು ರೂಪಾಯಿಯ ನಿರ್ವಹಣಾ ಶುಲ್ಕ, ಮಳೆನೀರಿನ ಕೊಳವೆ ಎಲ್ಲ ಮುಗಿದ ಮೇಲೆ ಅವರ ಸಸಿಯ ವಿಷಯ ಬಂತು. ಅರ್ಧ ಗಂಟೆಯ ಚರ್ಚೆ. ತೆಂಗು ಬಿದ್ದುಹೋಯಿತು, ಕರಿಬೇವು ಗೆದ್ದಿತು. ತೆಂಗಿನ ಸಸಿ ಮತ್ತೆ ರೈಲು ಹತ್ತಿ ತಿಪಟೂರಿಗೆ ಹೋಯಿತು. ಅಲ್ಲಿ ಅದಕ್ಕೆ ಜಾಗವಿತ್ತು.

ಕರಿಬೇವಿಗೆ ದಿನಾ ನೀರು ಹಾಕುವವಳು ಮೊಮ್ಮಗಳು. ತಾತ ಫೋನು ಮಾಡಿದಾಗ ಮೊದಲು ಕೇಳುವುದು ಅದನ್ನೇ. ಗಿಡ ಮೊಣಕಾಲುದ್ದ ಆಗಿದೆ, ಆದರೆ ಎಲೆ ನಿಲ್ಲುತ್ತಿಲ್ಲ, ಯಾರ್‍ಯಾರೋ ಕಿತ್ತುಕೊಂಡು ಹೋಗುತ್ತಾರೆ ಎಂಬುದು ಅವಳ ದೂರು.

"ಕೀಳ್ಲಿ ಬಿಡಮ್ಮ" ಎನ್ನುತ್ತಾರೆ ತಾತ. "ಇಪ್ಪತ್ತನಾಲ್ಕು ಜನದ ನೆಲ ಅದು."